ಖೊ-ಖೊ ತಂಡಗಳು ಸರಪಳಿ ಓಟವನ್ನು ಆರಿಸುವುದೇಕೆ?

ಖೊ-ಖೊ ಆಟದಲ್ಲಿ ಬೆನ್ನಟ್ಟುವ ತಂಡದ ಎಂಟು ಮಂದಿ ಎರಡು ಕಂಬಗಳ ನಡುವೆ, ಒಬ್ಬರು ಒಂದು ಕಡೆಗೆ, ಮಗ್ಗುಲಿನವರು ಇನ್ನೊಂದು ಕಡೆಗೆ ಮುಖಮಾಡಿ ಕುಳಿತಿರುತ್ತಾರೆ. ಒಂಬತ್ತನೆಯವನು ಬೆನ್ನಟ್ಟುತ್ತಾನೆ. ಅವನು ಕುಳಿತವರ ಸಾಲನ್ನು ದಾಟುವಂತಿಲ್ಲ. ಹಿಡಿದ ದಿಕ್ಕನ್ನು ಕಂಬ ಮುಟ್ಟುವ ತನಕ ಬದಲಿಸುವಂತಿಲ್ಲ. ಓಟಗಾರನಿಗೆ ಈ ಕಟ್ಟುಗಳಾವುವೂ ಇಲ್ಲ. ಈ ವ್ಯತ್ಯಾಸವೇ ಓಟದ ಪದ್ಧತಿಗಳಿಗೆ ಮೂಲ. ಅವುಗಳಲ್ಲಿ ಮುಖ್ಯವಾದ ಎರಡನ್ನು ಇಲ್ಲಿ ವಿವೇಚಿಸುತ್ತೇವೆ.

ಸರಪಳಿ ಓಟದಲ್ಲಿ ಓಟಗಾರನು ಕುಳಿತವರ ನಡುವಣ ತೆರಪುಗಳಲ್ಲಿ ಅಂಕುಡೊಂಕಾಗಿ ನುಸುಳುತ್ತ ಒಂದು ಕಂಬದಿಂದ ಇನ್ನೊಂದರತ್ತ ಸಾಗುತ್ತಾನೆ. ರಿಂಗ್ ಪದ್ಧತಿಯಲ್ಲಿ ಮೂರು ನಾಲ್ಕು ಮಂದಿಯ ಸುತ್ತಲೇ ಬಳಸಿ ಓಡುತ್ತಾನೆ. ಮೊದಲನೆಯದಕ್ಕೆ ಬೇಕಾದುದು ದಮ್ಮು ಮತ್ತು ಲಯ. ಎರಡನೆಯದಕ್ಕೆ, ಬೆನ್ನಟ್ಟುವವನ ಹೆಜ್ಜೆಯನ್ನು ನೋಡಿ ಕ್ಷಣದಲ್ಲಿ ತಿರುಗುವ ಚಾಕಚಕ್ಯತೆ.

ಪ್ರತಿ ಸರದಿಯಲ್ಲಿಯೂ ಓಟಗಾರರು ಮೂವರಂತೆ ಅಂಕಣಕ್ಕೆ ಇಳಿಯುತ್ತಾರೆ. ಸರಪಳಿ ಓಟಗಾರನು ಅಂಕಣದ ಉದ್ದಕ್ಕೂ ಸಾಗುವುದರಿಂದ, ದೂರದಲ್ಲಿ ನಿಂತ ಜೊತೆಯವರ ಬಳಿಗೆ ಬೆನ್ನಟ್ಟುವವರನ್ನು ತಾನೇ ಕರೆತಂದಂತಾಗುವುದುಂಟು. ರಿಂಗ್ ಓಟಗಾರನು ಆಟವನ್ನು ಒಂದೆಡೆ ಕಟ್ಟಿಹಾಕಿ ಉಳಿದಿಬ್ಬರಿಗೆ ವಿಶ್ರಾಂತಿ ದೊರಕಿಸುತ್ತಾನೆ. ಹೀಗಿದ್ದೂ ಶಾಲೆಗಳಲ್ಲಿ ಮೊದಲು ಕಲಿಸುವುದು ಸರಪಳಿಯನ್ನೇ.

ಇದಕ್ಕೆ ಕಾರಣ ಅಭ್ಯಾಸದ ಅನುಕೂಲತೆಯೆಂದು ನಮಗೆ ತೋರುತ್ತದೆ. ನೆಲದ ಮೇಲೆ ಎಂಟು ಗುರುತುಗಳನ್ನಿಟ್ಟರೆ ಸಾಕು, ಸರಪಳಿಯನ್ನು ಒಬ್ಬನೇ ವಿದ್ಯಾರ್ಥಿಯು ಅಭ್ಯಾಸ ಮಾಡಬಲ್ಲನು. ರಿಂಗ್ ಹಾಗಲ್ಲ, ಅದು ಎದುರಾಳಿಗೆ ಕೊಡುವ ಉತ್ತರ. ಚುರುಕಾಗಿ ‘ಖೊ’ ಕೊಡಬಲ್ಲ ಒಂಬತ್ತು ಮಂದಿ ದಿನವೂ ಎದುರಿಗಿಲ್ಲದೆ ಅದು ಕೈಗೂಡದು.

ಬಾಸ್ಕೆಟ್‌ಬಾಲ್ ಆಟದಲ್ಲಿಯೂ ಇಂತಹುದೇ ನಿದರ್ಶನವಿದೆ. ಟೆಕ್ಸ್ ವಿಂಟರ್ 1962ರಲ್ಲಿ ಗ್ರಂಥರೂಪದಲ್ಲಿ ವಿವರಿಸಿದ ತ್ರಿಕೋನ ಆಕ್ರಮಣ ಪದ್ಧತಿಯನ್ನು ಅನುಸರಿಸಿ ಷಿಕಾಗೊ ಬುಲ್ಸ್ ತಂಡವು 1991ರಿಂದ 1998ರೊಳಗೆ ಆರು ಬಾರಿ ಎನ್‌ಬಿಎ ಪ್ರಶಸ್ತಿಯನ್ನು ಗೆದ್ದಿತು. ಆದರೂ ಅನುಕರಿಸಿದವರು ವಿರಳ. ಅದರಲ್ಲಿ ಐವರೂ ಎದುರಾಳಿಯ ನಿಲುವನ್ನು ಓದಿಕೊಂಡು ಚೆಂಡನ್ನು ಸಾಗಿಸಬೇಕು. ಐವರೂ ಬಹುಕಾಲ ಒಟ್ಟಿಗೆ ಕಲಿಯಬೇಕು. ನ್ಯೂಯಾರ್ಕ್ ನಿಕ್ಸ್ ತಂಡವು 2014ರಿಂದ ಪ್ರಯತ್ನಿಸಿ, 2017ರಲ್ಲಿ ಅದರಿಂದ ದೂರ ಸರಿಯಿತು. ಪದ್ಧತಿಯ ಗುಣವೊಂದು, ಅದನ್ನು ಕಲಿಯಲು ಬೇಕಾದ ಸೌಕರ್ಯವೊಂದು.

ಆದುದರಿಂದ ರಿಂಗ್ ಓಟವನ್ನು ಬಿಟ್ಟ ತಂಡವನ್ನು ಅಂಜುಬುರುಕವೆಂದು ಹಳಿಯುವುದು ಸಲ್ಲದು. ಆದರೆ ಇದರಿಂದ ನಷ್ಟವೂ ಉಂಟು. ದಮ್ಮು ಕಡಿಮೆಯಿದ್ದು ಚುರುಕು ಹೆಚ್ಚಾಗಿರುವ ಮಗು ಸರಪಳಿಯಲ್ಲಿ ಬೇಗ ಔಟಾಗುತ್ತದೆ. ಮರುವರ್ಷ ತಂಡದಲ್ಲಿ ಅದರ ಹೆಸರೇ ಇರುವುದಿಲ್ಲ. ಆ ಮಗುವಿಗೆ ತಕ್ಕ ಓಟವನ್ನು ನಾವು ಕಲಿಸಲಿಲ್ಲವೆಂಬುದು ಯಾರ ಗಮನಕ್ಕೂ ಬಾರದು.

ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆಯಂತಹ ಊರುಗಳಲ್ಲಿ ಒಂದು ಶಾಲೆಗೆ ಸಾಲದ ಆಟಗಾರರು ನೆರೆಯ ಎರಡು ಶಾಲೆಗಳನ್ನು ಕೂಡಿಸಿದರೆ ದೊರೆತಾರು. ವಾರಕ್ಕೆರಡು ಸಂಜೆ ಅವರು ಒಟ್ಟಿಗೆ ಆಡಲಿ. ಮೂವರ ಪ್ರತಿ ಗುಂಪಿನಲ್ಲಿಯೂ ಒಬ್ಬರಾದರೂ ರಿಂಗ್ ಕಲಿಯಲಿ. ದೈಹಿಕ ಶಿಕ್ಷಣದ ಉಪಾಧ್ಯಾಯರು ಮೊದಲು ಮಗುವನ್ನು ನೋಡಿ, ಬಳಿಕ ಪದ್ಧತಿಯನ್ನು ಆರಿಸುವುದು ಉಚಿತವೆಂದು ನಮ್ಮ ಅಭಿಪ್ರಾಯ.