ಉಪ್ಪಿನಲ್ಲಿ ಉಳಿಯುವ ಜೀವ

ಉಪ್ಪಿಗಿಂತ ರುಚಿಯಿಲ್ಲ ಎಂಬುದು ಜನಜನಿತವಾದ ಗಾದೆ. ಆದರೆ ಬರಿಗಣ್ಣಿಗೆ ಕಾಣದ ಸೂಕ್ಷ್ಮಜೀವಿಗಳ ಪಾಲಿಗೆ ಉಪ್ಪು ರುಚಿಯಲ್ಲ, ಪ್ರಾಣಸಂಕಟ. ಹೊರಗಿನ ದ್ರವದಲ್ಲಿ ಲವಣ ಹೆಚ್ಚಾದರೆ ಜೀವಕೋಶದೊಳಗಿನ ನೀರು ಕೋಶಪೊರೆಯನ್ನು ದಾಟಿ ಹೊರಗೆ ಹರಿಯುತ್ತದೆ. ಈ ಕ್ರಿಯೆಗೆ ಅಭಿಸರಣೆ ಎಂದು ಹೆಸರು. ನೀರನ್ನು ಕಳೆದುಕೊಂಡ ಕೋಶ ಕುಗ್ಗುತ್ತದೆ. ಅದರ ಬೆಳವಣಿಗೆ ನಿಲ್ಲುತ್ತದೆ. ಆಹಾರವನ್ನು ಕೊಳೆಸುವ ಅನೇಕ ಬ್ಯಾಕ್ಟೀರಿಯಾಗಳು ಉಪ್ಪಿಗೆ ಸೋಲುವುದು ಹೀಗೆ.

ಸೋಲದೆ ಉಳಿಯುವ ಬಳಗವೊಂದುಂಟು. ಜರ್ಮನಿಯಲ್ಲಿ ಎಲೆಕೋಸನ್ನು ಸಣ್ಣಗೆ ಹೆಚ್ಚಿ, ಅದರ ತೂಕದ ಶೇಕಡ 2ರಷ್ಟು ಉಪ್ಪನ್ನು ಬೆರೆಸಿ, ಪಾತ್ರೆಯಲ್ಲಿ ಒತ್ತಿ ತುಂಬಿಡುವ ವಾಡಿಕೆಯಿದೆ. ಉಪ್ಪು ಎಲೆಗಳ ರಸವನ್ನು ಹೊರಸೆಳೆಯುತ್ತದೆ. ಕೋಸು ಆ ರಸದಲ್ಲಿ ಮುಳುಗಿ ಗಾಳಿಯಿಂದ ದೂರವಾಗುತ್ತದೆ. ಆಗ ಎಲೆಗಳ ಮೇಲೆಯೇ ಇದ್ದ ಲ್ಯಾಕ್ಟಿಕ್ ಆಮ್ಲ ಬ್ಯಾಕ್ಟೀರಿಯಾಗಳು ವೃದ್ಧಿಯಾಗಿ, ಕೋಸಿನ ಸಕ್ಕರೆಯನ್ನು ಆಮ್ಲವಾಗಿ ಮಾರ್ಪಡಿಸುತ್ತವೆ. ಹಾಲನ್ನು ಮೊಸರಾಗಿಸುವುದೂ ಇದೇ ಬಳಗ. ಹುಳಿಯಾದ ಈ ಕೋಸು ಬಹುಕಾಲ ಕೆಡುವುದಿಲ್ಲ. 1768ರಲ್ಲಿ ಯಾನ ಹೊರಟ ಇಂಗ್ಲೆಂಡಿನ ನಾವಿಕ ಜೇಮ್ಸ್ ಕುಕ್, ಸ್ಕರ್ವಿ ರೋಗವನ್ನು ತಡೆಯಲೆಂದು ಇದನ್ನು ಹಡಗಿನಲ್ಲಿ ಕೊಂಡೊಯ್ದನು.

ಈ ಬ್ಯಾಕ್ಟೀರಿಯಾಗಳು ಬದುಕುವ ಬಗೆ ಯಾವುದು? ಅವು ಉಪ್ಪನ್ನು ಒಳಗೆ ತುಂಬಿಕೊಳ್ಳುವುದಿಲ್ಲ; ಹಾಗೆ ಮಾಡಿದರೆ ಅವುಗಳ ಪ್ರೋಟೀನುಗಳ ಕಾರ್ಯ ಕೆಡುತ್ತದೆ. ಬದಲಾಗಿ ಬೀಟೇನ್, ಕಾರ್ನಿಟೀನ್, ಪ್ರೋಲೀನ್ ಮೊದಲಾದ ನಿರುಪದ್ರವಿ ವಸ್ತುಗಳನ್ನು ಒಳಗೆ ಕೂಡಿಡುತ್ತವೆ. ಇವು ಹೆಚ್ಚಿದಂತೆ ಒಳಗಿನ ದ್ರವ ಹೊರಗಿನದಕ್ಕೆ ಸರಿದೂಗಿ, ನೀರು ಕೋಶದಲ್ಲಿಯೇ ನಿಲ್ಲುತ್ತದೆ. ಬೀಟೇನ್ ಮೊದಲು ದೊರೆತದ್ದು ಬೀಟ್ ಗೆಡ್ಡೆಯ ರಸದಲ್ಲಿ. ಹೆಸರು ಬಂದದ್ದೂ ಅದರಿಂದಲೇ. ಈ ಬಳಗದ ಹೆಚ್ಚಿನ ಬ್ಯಾಕ್ಟೀರಿಯಾಗಳು ಬೀಟೇನನ್ನು ತಾವೇ ತಯಾರಿಸಲಾರವು. ಸುತ್ತಲಿನ ಸಸ್ಯರಸದಿಂದ ಪಡೆಯಬೇಕು. ಕೋಶಪೊರೆಯಲ್ಲಿರುವ ವಿಶೇಷ ಪ್ರೋಟೀನುಗಳು ಶಕ್ತಿಯನ್ನು ವ್ಯಯಿಸಿ ಅದನ್ನು ಒಳಗೆ ಸಾಗಿಸುತ್ತವೆ. ಹೊರಗಿನ ಉಪ್ಪು ಹಠಾತ್ತನೆ ತೆಳುವಾದರೆ ಅಪಾಯ ತಿರುಗುಮುರುಗಾಗುತ್ತದೆ: ನೀರು ಒಳನುಗ್ಗಿ ಕೋಶ ಒಡೆಯಬಹುದು. ಆಗ ಪೊರೆಯಲ್ಲಿನ ಕಿರುದ್ವಾರಗಳು ತೆರೆದು, ಕೂಡಿಟ್ಟದ್ದನ್ನು ಹೊರಗೆ ಬಿಡುತ್ತವೆ.

ಆದರೆ ಈ ಸಾಮರ್ಥ್ಯಕ್ಕೂ ಮಿತಿಯಿದೆ. ಉಪ್ಪು ಅತಿಯಾದರೆ ಈ ಮಿತ್ರಜೀವಿಗಳೂ ಸೊರಗಿ, ಕೋಸು ಹುಳಿಯಾಗದು. ಕಡಮೆಯಾದರೆ ಕೊಳೆಸುವ ಜೀವಿಗಳು ಮೇಲುಗೈ ಪಡೆಯುತ್ತವೆ. ಆಹಾರ ಉಳಿಯುವುದೂ ಅಳಿಯುವುದೂ ಒಂದು ಹಿಡಿ ಉಪ್ಪಿನ ಅಳತೆಯನ್ನು ಅವಲಂಬಿಸಿದೆ.