ನಡುಗದ ರೋಲರ್‌ಗೆ ಇನ್ನೂ ಯಾಕೆ ಕೆಲಸ ಇದೆ?

ಇವತ್ತು ನ್ಯೂಜೆರ್ಸಿಯ ನ್ಯೂವಾರ್ಕ್‌ನಿಂದ ಶುರು ಮಾಡೋಣ. 1870ರ ಜುಲೈ 29ರಂದು ಅಲ್ಲಿನ ಸಿಟಿ ಹಾಲ್ ಮುಂದೆ, ಬೆಲ್ಜಿಯಂ ಮೂಲದ ರಸಾಯನಶಾಸ್ತ್ರಜ್ಞ ಎಡ್ಮಂಡ್ ಡಿ ಸ್ಮೆಡ್ಟ್ ಡಾಂಬರು ಹಾಸಿದರು. ಅಮೆರಿಕದ ಮೊದಲ ಡಾಂಬರು ರಸ್ತೆ ಅಂತ ಸಾಮಾನ್ಯವಾಗಿ ಅದನ್ನೇ ಗುರುತಿಸುತ್ತಾರೆ. ಇವತ್ತಿಗೂ ರಸ್ತೆ ಮಾಡುವವರ ಮುಖ್ಯ ತಲೆನೋವು ಒಂದೇ: ಡಾಂಬರಿನೊಳಗೆ ಸಿಕ್ಕಿಕೊಂಡ ಗಾಳಿಯನ್ನು ಹೊರಗೆ ಹಾಕೋದು.

ಗಾಳಿ ಉಳಿದರೆ ಏನಾಗುತ್ತೆ? ಆ ಸಂದುಗಳಲ್ಲಿ ನೀರು ಇಳಿಯುತ್ತೆ. ಚಳಿಗಾಲದಲ್ಲಿ ಹೆಪ್ಪುಗಟ್ಟಿ ಸುಮಾರು ಶೇ. 9ರಷ್ಟು ಹಿಗ್ಗುತ್ತೆ, ಕರಗುತ್ತೆ, ಮತ್ತೆ ಹೆಪ್ಪುಗಟ್ಟುತ್ತೆ. ಮಾರ್ಚ್ ಹೊತ್ತಿಗೆ ಗುಂಡಿ ರೆಡಿ! ಅದಕ್ಕೇ ಸಾಮಾನ್ಯವಾಗಿ ಗಾಳಿಯ ಪಾಲು ಶೇ. 8 ದಾಟದಂತೆ ನೋಡಿಕೊಳ್ಳುತ್ತಾರೆ.

ಇವತ್ತಿನ ಬಹಳಷ್ಟು ರೋಲರ್‌ಗಳು ಉಕ್ಕಿನ ಉರುಳೆಯನ್ನು ನಡುಗಿಸುತ್ತಾ ಓಡುತ್ತವೆ. ಸ್ಟ್ಯಾಟಿಕ್ ರೋಲರ್‌ನಲ್ಲಿ ನಡುಕ ಇಲ್ಲ. ನಮ್ಮ ಕಣದ ರೋಣಗಲ್ಲಿನ ಹಾಗೆ, ಕೆಲಸ ಮಾಡೋದು ತೂಕ ಮಾತ್ರ. ಒಂದು ಲೆಕ್ಕ ಹಾಕೋಣ. 10 ಟನ್ನಿನ ರೋಲರ್, ಎರಡು ಉರುಳೆ, ಒಂದೊಂದರ ಅಗಲ 1.5 ಮೀಟರ್. ತೂಕ ಸಮನಾಗಿ ಹಂಚಿದರೆ ಉರುಳೆಯ ಪ್ರತಿ ಸೆಂಟಿಮೀಟರ್ ಅಗಲಕ್ಕೆ ಸುಮಾರು 33 ಕೆಜಿ ಭಾರ.

ಈ ಒತ್ತಡ ಆಳಕ್ಕೆ ಹೋದಂತೆ ಬೇಗ ಕುಗ್ಗುತ್ತೆ. ಹಾಗಾಗಿ ದಪ್ಪಗೆ ತುಂಬಿದ ಮಣ್ಣಿಗೆ ಇದು ಸಾಲದು. ಮರಳಿಗೆ ನಡುಕ ಬೇಕು. ಜೇಡಿಮಣ್ಣಿಗೆ ಗುಬ್ಬಿಗಳಿರುವ ಉರುಳೆ ತುಳಿದು ನಾದಬೇಕು. ನುಣುಪು ಉರುಳೆಯ ಸ್ಟ್ಯಾಟಿಕ್ ರೋಲರ್‌ಗೆ ತೆಳು ಪದರವೇ ಸರಿ.

ಹಾಗಿದ್ರೆ ಇದನ್ನು ಯಾಕೆ ಇಟ್ಕೊಂಡಿದ್ದಾರೆ? ನ್ಯೂಯಾರ್ಕ್, ನ್ಯೂಜೆರ್ಸಿಯ ಹಳೇ ಬೀದಿಗಳನ್ನು ನೋಡಿ. ಕೆಳಗೆ ಹಳೇ ಎರಕದ ಕಬ್ಬಿಣದ ನೀರಿನ ಪೈಪು, ಪಕ್ಕದಲ್ಲೇ ಇಟ್ಟಿಗೆ ಮನೆಗಳು. ನಡುಕ ಇವಕ್ಕೆಲ್ಲ ಹರಡಬಹುದು. ಸೇತುವೆ ಮೇಲೂ ಎಷ್ಟೋ ಕಡೆ ನಡುಕ ಬಂದ್ ಮಾಡಿಯೇ ರೋಲರ್ ಓಡಿಸುತ್ತಾರೆ. ತೀರಾ ತೆಳು ಪದರದಲ್ಲಿ ನಡುಕದಿಂದ ಜಲ್ಲಿಯೇ ಒಡೆಯಬಹುದು. ಕೊನೆಗೆ ಉರುಳೆಯ ಗುರುತು ಅಳಿಸಿ ಮೈ ನುಣುಪು ಮಾಡೋದಕ್ಕೂ ಬರೀ ತೂಕವೇ ಒಳ್ಳೆಯದು.

ಆದರೆ ಇಲ್ಲಿ ಗಡಿಯಾರದ ಜೊತೆ ಓಟ ಇದೆ. ಡಾಂಬರು ಬರೋದು ಸುಮಾರು 150 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ. 80ರ ಆಸುಪಾಸಿಗೆ ಇಳಿದರೆ ಗಟ್ಟಿಯಾಗಿ, ಆಮೇಲೆ ಎಷ್ಟು ಉರುಳಿಸಿದರೂ ಗಾಳಿ ಹೊರಡೋದು ಕಷ್ಟ. ನವೆಂಬರಿನ ಗಾಳಿಗೆ ತೆಳು ಪದರ ಕೆಲವೇ ನಿಮಿಷಗಳಲ್ಲಿ ಆರಿಬಿಡುತ್ತೆ. ನಡುಕದ ನೆರವಿಲ್ಲದ ರೋಲರ್, ಡಾಂಬರು ಹಾಸುವ ಯಂತ್ರದ ಬೆನ್ನಿಗೇ ಇರಬೇಕು. ಸೇತುವೆ ಮೇಲೆ ಇದು ತಪ್ಪಿದರೆ ಉಪ್ಪು ಬೆರೆತ ಹಿಮದ ನೀರು ಕೆಳಗಿನ ಕಾಂಕ್ರೀಟಿನ ಕಡೆಗೆ, ಅಲ್ಲಿಂದ ಒಳಗಿನ ಕಬ್ಬಿಣಕ್ಕೆ ದಾರಿ ಹುಡುಕುತ್ತೆ.

ನಿಮ್ಮ ಬೀದಿಗೆ ರೋಲರ್ ಬಂದಾಗ ಅದು ಹಾಸುವ ಯಂತ್ರದಿಂದ ಎಷ್ಟು ದೂರದಲ್ಲಿದೆ ಅಂತ ಗಮನಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.