ಸೊಸೆಯ ಮಾತೂ ಒಂದು ಪರೀಕ್ಷೆ

‘ಮುಂಜಾನಿಯಿಂದ ನನಗ ಒಂದ್ ತುತ್ತು ಕೂಳ ಹಾಕಿಲ್ರಿ’ ಎಂದು ಕಟ್ಟೆಯ ಮೇಲೆ ಕುಳಿತ ಅತ್ತೆ ಹಾದುಹೋಗುವವರಿಗೆಲ್ಲ ಹೇಳುತ್ತಾಳೆ. ಅರ್ಧ ತಾಸಿನ ಹಿಂದಷ್ಟೇ ಸೊಸೆ ರೊಟ್ಟಿ, ಕಾಳುಪಲ್ಯ ಬಡಿಸಿ ತಾಟು ತೊಳೆದಿಟ್ಟಿರುತ್ತಾಳೆ. ಸೊಸೆ ಉಣ್ಣಲು ಹಾಕಿದ್ದು ನಿಜ. ಅತ್ತೆಯೂ ಸುಳ್ಳು ಹೇಳುತ್ತಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಇದನ್ನು ಅರಳು ಮರಳು ಎಂದು ಬಿಟ್ಟುಬಿಡುತ್ತಾರೆ. ಡಿಮೆನ್ಶಿಯಾ ಎಂಬ ಹೆಸರು ಆ ಮನೆಗೆ ತಲುಪುವ ಹೊತ್ತಿಗೆ ಸೊಸೆ ಓಣಿಯಲ್ಲೆಲ್ಲ ಕೆಟ್ಟವಳಾಗಿರುತ್ತಾಳೆ.

ಮೆದುಳಿನ ಒಳಭಾಗದಲ್ಲಿ, ಹೆಚ್ಚುಕಡಿಮೆ ಕಿವಿಯ ನೇರಕ್ಕೆ, ಹಿಪೊಕ್ಯಾಂಪಸ್ ಎಂಬ ಪುಟ್ಟ ಭಾಗವಿದೆ. ಹೊಸ ನೆನಪು ಕಟ್ಟುವುದು ಅದರ ಕೆಲಸ. ಡಿಮೆನ್ಶಿಯಾದ ಅತಿ ಸಾಮಾನ್ಯ ಕಾರಣವಾದ ಅಲ್ಝೈಮರ್ ಕಾಯಿಲೆ ಬಹುತೇಕ ಮೊದಲು ಕೆಡಿಸುವುದು ಈ ಭಾಗವನ್ನು. ಅದು ಕೆಟ್ಟರೆ ಈಗಷ್ಟೇ ಉಂಡ ರೊಟ್ಟಿ ನೆನಪಾಗಿ ಉಳಿಯುವುದೇ ಇಲ್ಲ. ನಲವತ್ತು ವರ್ಷದ ಹಿಂದಿನದು ಉಳಿದಿರುತ್ತದೆ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಊರು ಬಿಟ್ಟು ಪುನರ್ವಸತಿ ಕೇಂದ್ರಕ್ಕೆ ಬಂದವರಿಗೆ ಈ ಕಾಯಿಲೆ ಬಂದರೆ, ಸಂಜೆಯಾಗುತ್ತಲೇ ‘ನಮ್ಮ ಮನಿಗೆ ಹೋಗೂಣು’ ಎಂದು ಹಟ ಹಿಡಿದಾಗ ಅವರು ಕೇಳುವ ಮನೆ ಕೃಷ್ಣೆಯ ನೀರಿನಡಿ ಇರುತ್ತದೆ. ಊರು ಮುಳುಗಿತಲ್ಲ ಎಂದು ತಿಳಿಹೇಳಿದರೆ ಆ ಸುದ್ದಿಯನ್ನು ಅವರು ಪ್ರತಿಸಲವೂ ಮೊದಲ ಸಲ ಕೇಳಿದಂತೆ ಅಳುತ್ತಾರೆ. ಅದಕ್ಕಿಂತ ಆ ಮನೆಯಲ್ಲಿ ಎಷ್ಟು ಎಮ್ಮೆ ಇದ್ದವು ಎಂದು ಕೇಳಿ, ಮಾತಿಗೆ ಕೂಡಿಸಿಕೊಳ್ಳುವುದು ಮೇಲು.

ಇನ್ನು ಆಸ್ಪತ್ರೆ. ಸಾಲ ಮಾಡಿ ವಿಜಯಪುರಕ್ಕೋ, ಇಂಡಿಯವರಾದರೆ ಸೊಲ್ಲಾಪುರಕ್ಕೋ ಕರೆದೊಯ್ದರೆ, ವೈದ್ಯರ ಮುಂದೆ ಅಜ್ಜಿ ಸೆರಗು ಸರಿಮಾಡಿಕೊಂಡು ‘ಆರಾಮ ಅದೀನ್ರಿ, ನೀವು ಆರಾಮ?’ ಎನ್ನುತ್ತಾಳೆ. ಬಾಲ್ಯದಿಂದ ರೂಢಿಯಾದ ಉಪಚಾರದ ಮಾತುಗಳು ಬಹಳ ಕಾಲ ಅಳಿಯುವುದಿಲ್ಲ. ಐದು ನಿಮಿಷದಲ್ಲಿ ‘ವಯಸ್ಸಾತು, ಇಷ್ಟ ಆಗೂದ’ ಎಂಬ ತೀರ್ಪು, ಜೊತೆಗೊಂದು ನಿದ್ದೆ ಗುಳಿಗೆ. ಸೊಸೆಯ ಮಾತು ಉತ್ಪ್ರೇಕ್ಷೆಯಾಗುತ್ತದೆ.

ವಯಸ್ಸಾತು ಎಂಬುದು ರೋಗನಿರ್ಣಯವಲ್ಲ. 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನದ ಅಂದಾಜಿನಂತೆ ಭಾರತದಲ್ಲಿ ಅರವತ್ತು ದಾಟಿದವರಲ್ಲಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಶಿಯಾ ಇದೆ. ಪಟ್ಟಣಕ್ಕಿಂತ ಹಳ್ಳಿಯಲ್ಲಿ ಹೆಚ್ಚು. ನೂರರಲ್ಲಿ ಉಳಿದ ತೊಂಬತ್ತಕ್ಕೂ ಹೆಚ್ಚು ಮಂದಿ ಮುಪ್ಪಾದರೂ ಇದಕ್ಕೆ ಒಳಗಾಗಿಲ್ಲ. ಮೇಲಾಗಿ, ಮರೆವಿನಂತೆ ಕಾಣುವ ಕೆಲವು ತೊಂದರೆಗಳಿಗೆ ಮದ್ದಿದೆ: ಥೈರಾಯ್ಡ್ ಕೊರತೆ, ಖಿನ್ನತೆ, ಬಿದ್ದು ತಲೆಗೆ ಪೆಟ್ಟಾದ ಮೇಲೆ ನಿಧಾನವಾಗಿ ಕೂಡುವ ರಕ್ತ, ಬಿ12 ಕೊರತೆ. ಜೋಳದ ರೊಟ್ಟಿಯಲ್ಲಿ, ಬೇಳೆಯಲ್ಲಿ ಬಿ12 ಇಲ್ಲ. ಹಾಲು, ಮೊಟ್ಟೆ, ಮಾಂಸದಲ್ಲಿದೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಅನ್ನು ವರ್ಷಗಟ್ಟಲೆ ತೆಗೆದುಕೊಂಡವರಲ್ಲೂ ಅದು ಕಡಿಮೆಯಾಗಬಹುದು. ಒಂದು ರಕ್ತಪರೀಕ್ಷೆ ಸಾಕು ತಿಳಿಯಲು.

ನೆನಪಿನ ಪರೀಕ್ಷೆಯ ಕಥೆಯೇ ಬೇರೆ. ಜಗತ್ತಿನಲ್ಲೆಲ್ಲ ಬಳಸುವ, 1975ರ ಪ್ರಶ್ನಾವಳಿ ಒಂದು ವಾಕ್ಯ ಬರೆಯಿರಿ, ನೂರರಿಂದ ಏಳೇಳು ಕಳೆಯುತ್ತ ಬನ್ನಿ ಎನ್ನುತ್ತದೆ. ಶಾಲೆಯ ಮೆಟ್ಟಿಲು ಹತ್ತದೆ, ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ದಿನ ಎಣಿಸಿ ಬಾಳಿದ ಹೆಣ್ಣುಮಗಳು ಕಾಯಿಲೆ ಇಲ್ಲದೆಯೂ ಅದರಲ್ಲಿ ಸೋಲುತ್ತಾಳೆ. 1990ರ ದಶಕದಲ್ಲಿ ಹರಿಯಾಣದ ಬಲ್ಲಭಗಡದ ಹಳ್ಳಿಗಳಲ್ಲಿ ಸಂಶೋಧಕರು ಅಕ್ಷರ ಬಾರದವರಿಗಾಗಿ ಪ್ರಶ್ನೆಗಳನ್ನೇ ಬದಲಿಸಿದರು. ಜೊತೆಗೆ, ಮನೆಯವರನ್ನು ಕೇಳಿ ತುಂಬುವ ಇನ್ನೊಂದು ಅಳತೆಗೋಲನ್ನೂ ರೂಪಿಸಿದರು: ದಿನದ ಕೆಲಸ ಹೇಗೆ ಮಾಡುತ್ತಾರೆ, ಎಲ್ಲಿ ಎಡವುತ್ತಾರೆ ಎಂದು. ಅಂದರೆ ಸೊಸೆಯ ಮಾತಿಗೆ ವಿಜ್ಞಾನದಲ್ಲಿ ಸ್ಥಾನವಿದೆ. ಈಗ ಐಸಿಎಂಆರ್ ಸಿದ್ಧಪಡಿಸಿದ ಪರೀಕ್ಷೆಗಳು ಕನ್ನಡದಲ್ಲೂ ಇವೆ. ಮನೆಯವರು ಕಂಡದ್ದೇ ಮೊದಲ ಸುಳಿವಾಗುವುದು ಹೊಸದೂ ಅಲ್ಲ. 1901ರಲ್ಲಿ ಫ್ರಾಂಕ್‌ಫರ್ಟ್‌ನ ಆಸ್ಪತ್ರೆಗೆ ಸೇರಿ ಡಾ. ಅಲ್ಝೈಮರ್ ಕಣ್ಣಿಗೆ ಬಿದ್ದ ಆಗಸ್ಟೆ ಡೀಟರ್ ಎಂಬಾಕೆಯ ಮೊದಲ ಲಕ್ಷಣ ಗಂಡನ ಮೇಲಿನ ಸಂಶಯ. ‘ಸೊಸಿ ನನ್ನ ಬೆಂಡೋಲಿ ಕದ್ದಾಳ’ ಎನ್ನುವ ನಮ್ಮ ಅಜ್ಜಿಯಂತೆಯೇ.

ಮದ್ದಿನ ಬಗ್ಗೆಯೂ ನೇರವಾಗಿ ಹೇಳಬೇಕು. ಡೊನೆಪೆಜಿಲ್, ಮೆಮಾಂಟಿನ್ ಗುಳಿಗೆಗಳು ಕೆಲವರಿಗೆ ಕೆಲಕಾಲ ಆಸರೆಯಾಗುತ್ತವೆ. ಕಾಯಿಲೆ ವಾಸಿ ಮಾಡುವುದಿಲ್ಲ. 2023ರಲ್ಲಿ ಅಮೆರಿಕದಲ್ಲಿ ಪೂರ್ಣ ಒಪ್ಪಿಗೆ ಪಡೆದ ಲೆಕನೆಮಾಬ್ ಎಂಬ ಔಷಧ ಆರಂಭದ ಹಂತದವರಿಗೆ ಮಾತ್ರ, ಅದೂ ಮತ್ತೆ ಮತ್ತೆ ಎಂಆರ್‌ಐ ಮಾಡಿಸುತ್ತ. ವಾಸಿ ಮಾಡುವ ಮದ್ದಿಲ್ಲ ಎಂಬುದನ್ನು ಮೊದಲೇ ಯಾರೂ ಹೇಳದ ಕಾರಣ ಎಷ್ಟೋ ಮನೆಗಳು ವಾಸಿಯಾದೀತೆಂಬ ಆಸೆಗೆ ಆಸ್ಪತ್ರೆ ಆಸ್ಪತ್ರೆ ಅಲೆದು ಸೋತಿವೆ.

ವೈದ್ಯರ ಬಳಿ ಹೋಗುವ ಮೊದಲು, ಮನೆಯವರು ಒಂದು ವಾರ ಕಂಡದ್ದನ್ನು ಬರೆದಿಡಿ: ಒಲೆ ಆರಿಸದೆ ಬಿಟ್ಟದ್ದು, ದಾರಿ ತಪ್ಪಿದ್ದು, ಮೊಮ್ಮಗನ ಹೆಸರು ಮರೆತದ್ದು. ನುಂಗುವ ಎಲ್ಲ ಗುಳಿಗೆಗಳನ್ನೂ ಚೀಲದಲ್ಲಿ ಒಯ್ಯಿರಿ. ನೆಗಡಿಯ, ನಿದ್ದೆಯ ಕೆಲವು ಮಾತ್ರೆಗಳೇ ಮರೆವು ಹೆಚ್ಚಿಸುತ್ತವೆ. ಬಿ12, ಥೈರಾಯ್ಡ್ ನೋಡಿದಿರಾ ಎಂದು ಕೇಳಿ. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆಂದು ವಿಚಾರಿಸಿ. ನಿಮಗೇ ಕೈಸೋತಾಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.

ವೈದ್ಯರಲ್ಲಿ ಒಂದೇ ಕೋರಿಕೆ: ಅಜ್ಜಿಯನ್ನು ನೋಡಿದ ಮೇಲೆ, ಅವಳು ಕೇಳಿಸಿಕೊಳ್ಳದ ಕಡೆ ಸೊಸೆಯನ್ನು ಕೂಡಿಸಿ, ಇನ್ನೈದು ನಿಮಿಷ ಅವಳ ಮಾತು ಕೇಳಿ.